ದಿನದ ಫೋನು

ನಮ್ಮೂರಿನಲ್ಲಿ ಡಾಕ್ಟರು ಮಕ್ಕಳನ್ನು ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಬೆಳಿಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ಎಲ್ಲರೂ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂತ ಮೇಲೆ ಪ್ರಶ್ನೆ ಕೇಳುವವಳು ನಾನು. ಉತ್ತರ ಇರುವುದು ಆ ದಿನದ ಫೋನಿನಲ್ಲಿ. ಡಾಕ್ಟರು ಹೇಳಿದ್ದೂ ಫೋನು ಹೇಳಿದ್ದೂ ಒಂದೇ ಆದರೆ ನಾಗವೇಣಕ್ಕ ಗಂಟೆ ಹೊಡೆಯುತ್ತಾಳೆ. ಆಮೇಲೆ ಅವರು ಕೈ ತೊಳೆದುಕೊಂಡು ಕೆಲಸ ಶುರು ಮಾಡಬಹುದು. ಬೇರೆಯಾದರೆ ಅವತ್ತು ಡಾಕ್ಟರಿಗೆ ರಜ. ನಾವು ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋಗಿ ಫೋನು ಹೇಳಿದ್ದನ್ನು ನಾವೇ ಮಾಡುತ್ತೇವೆ. ಪದೇ ಪದೇ ತಪ್ಪುವ ಡಾಕ್ಟರಿಗೆ ಶಾಲು ಹೊದಿಸುತ್ತೇವೆ.

ನಮ್ಮೂರ ಜನ ಒರಟರಲ್ಲ. ಯಾರಿಗೂ ಊರು ಬಿಟ್ಟು ಹೋಗು ಅನ್ನುವುದಿಲ್ಲ. ಶಾಲು ಹೊದಿಸಿ, ಹಾರ ಹಾಕಿ, ತಲೆಗೆ ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು, ಅವರ ಸೇವೆಯ ಬಗ್ಗೆ ಎರಡು ಒಳ್ಳೆಯ ಮಾತಾಡಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಡುತ್ತೇವೆ. ಹಿಂದೆ ಒಬ್ಬರು ಇದನ್ನು ನಿಜವಾದ ಸನ್ಮಾನ ಅಂದುಕೊಂಡು ಹೆಂಡತಿ, ಅತ್ತೆ, ಮಾವ ಎಲ್ಲರನ್ನೂ ಕರೆಸಿದ್ದರು. ಫೋಟೋ ತೆಗೆಸಿಕೊಂಡರು. ಬಸ್ಸಿಗೆ ಹತ್ತಿಸಿದ್ದು ಯಾಕೆ ಅಂತ ಬಸ್ಸು ಹೊರಟ ಮೇಲೆ ಅವರಿಗೆ ಹೊಳೆದಿರಬೇಕು, ಕಿಟಕಿಯಿಂದ ಬೀಸುತ್ತಿದ್ದ ಕೈಯನ್ನು ಒಳಗೆ ಎಳೆದುಕೊಂಡರು.

ಪ್ರಶ್ನೆ ಕೇಳುವ ಕೆಲಸ ನನಗೆ ಬಂದಿದ್ದು ನನ್ನ ಗಂಟಲಿನ ದೆಸೆಯಿಂದ. ನನ್ನ ಹೆಸರು ಶಿವಲೀಲಾ, ಹಿಟ್ಟಿನ ಗಿರಣಿ ನಡೆಸುತ್ತೇನೆ. ಗಿರಣಿ ಓಡುತ್ತಿರುವಾಗ ರಾಗಿಯೋ ಜೋಳವೋ ಅಂತ ಕೇಳಬೇಕಾದರೂ ಕೂಗಬೇಕು. ವರ್ಷಗಟ್ಟಲೆ ಕೂಗಿ ಕೂಗಿ ಈಗ ನಾನು ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳುತ್ತದೆ. ನಮ್ಮ ಯಜಮಾನರು ತಿಪ್ಪೇಶ್, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮದುವೆಯಾದ ಹೊಸದರಲ್ಲಿ ನಾನು ಬಾಯಿ ತೆರೆದರೆ ಸಾಕು, ಮೇಷ್ಟ್ರು ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು. ಊರು ನನ್ನನ್ನು ಪ್ರಶ್ನೆಗೆ ಆರಿಸಿದ ಮೇಲೆ ಅದೇ ಗಂಟಲಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದರು.

ಹೊರಗಿನವರು ಇದನ್ನು ಕೇಳಿ ನಕ್ಕರೆ ನನಗೆ ಸಿಟ್ಟು ಬರುತ್ತದೆ. ನಮ್ಮಮ್ಮ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದ ಕಾಲದಲ್ಲಿ ಡಾಕ್ಟರು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಚೀಟಿ ಬರೆದು ಮುಂದಕ್ಕೆ ನೂಕುತ್ತಿದ್ದರು. ಮಗುವಿಗೆ ಏನಾಗಿದೆ ಅಂತ ಕೇಳಿದರೆ, "ಹೇಳಿದ್ರೆ ನಿನಗೆ ಅರ್ಥ ಆಗುತ್ತೇನಮ್ಮಾ?" ಅನ್ನುತ್ತಿದ್ದರು. ಹೆತ್ತವಳು ಬಾಯಿ ಮುಚ್ಚಿಕೊಂಡು ಮನೆಗೆ ಬರಬೇಕಿತ್ತು. ಅಂಥ ತಾಯಿಯ ಮಗಳು ನಾನು. ಮೊದಲ ಸಲ ಒಬ್ಬ ಡಾಕ್ಟರು ನನ್ನ ಪ್ರಶ್ನೆಗೆ ತಡವರಿಸಿ ಬೆವರು ಒರೆಸಿಕೊಂಡ ದಿನ ನಾನು ಮನೆಗೆ ಬಂದು ಹೋಳಿಗೆ ಮಾಡಿದೆ.

ತೊಡಕು ಇದ್ದದ್ದು ಒಂದೇ. ಒಬ್ಬರ ಫೋನು ಹೇಳಿದ್ದನ್ನು ಇನ್ನೊಬ್ಬರ ಫೋನು ಹೇಳುವುದಿಲ್ಲ. ಕೆಮ್ಮಿಗೆ ಹಾಲಿನಲ್ಲಿ ಅರಿಶಿನ ಹಾಕಿ ಕುಡಿಸು ಅಂತ ನಾಗವೇಣಕ್ಕನ ಫೋನು ಹೇಳಿದರೆ, ಹಾಲೇ ವಿಷ ಅನ್ನುತ್ತದೆ ನಮ್ಮ ಮೇಷ್ಟ್ರ ಫೋನು. ಈ ವಿಷಯಕ್ಕೆ ಜಡೆ ಹಿಡಿದು ಜಗಳವಾದ ಮೇಲೆ ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆಯ ಫೋನು ಅಂತ ಮಾಡಿಕೊಂಡೆವು. ಸೋಮವಾರ ನಾಗವೇಣಕ್ಕನದು. ಅದಕ್ಕೆ ಅಡುಗೆಮನೆ ದಾಟಿದ ಔಷಧಿ ಗೊತ್ತಿಲ್ಲ. ಮಂಗಳವಾರ ನಮ್ಮದು. ಬುಧವಾರ ಪೋಸ್ಟ್ ಮಾಸ್ಟರದು, ಅದು ಯಾವ ಕಾಯಿಲೆ ಕೇಳಿದರೂ ಕೊನೆಯ ಹಂತ ಅನ್ನುತ್ತದೆ. ಅವತ್ತು ಗುಂಡಿಗೆ ಗಟ್ಟಿ ಇದ್ದವರು ಮಾತ್ರ ಆಸ್ಪತ್ರೆಗೆ ಬರುತ್ತಾರೆ. ಗುರುವಾರದ ಫೋನು ಎಲ್ಲದಕ್ಕೂ ಇಂಜೆಕ್ಷನ್ ಅನ್ನುತ್ತದೆ, ಚುಚ್ಚಿಸಲೇಬೇಕು ಅನ್ನುವವರು ಅಲ್ಲಿಯವರೆಗೆ ಕಾಯುತ್ತಾರೆ. ಮಕ್ಕಳೂ ಇದಕ್ಕೆ ಹೊಂದಿಕೊಂಡರು. ಸೋಮವಾರ ಲೆಕ್ಕದ ಪರೀಕ್ಷೆ ಇದ್ದರೆ ಹೊಟ್ಟೆ ಹಿಡಿದುಕೊಳ್ಳುತ್ತಾರೆ, ಬೆಲ್ಲದ ಪಾನಕ ಸಿಗುತ್ತದೆ. ಗುರುವಾರ ಮಾತ್ರ ನಮ್ಮೂರಲ್ಲಿ ಒಂದು ಮಗುವೂ ಕೆಮ್ಮುವುದಿಲ್ಲ.

ದಿನದ ಫೋನಿನವರು ಬೆಳಿಗ್ಗೆ ಎದ್ದು ತಾವು ನೋಡಿದ ವಿಡಿಯೋವನ್ನು ಅಪ್ಪ ಅಮ್ಮಂದಿರ ಗುಂಪಿಗೆ ಹಾಕಬೇಕು. ಎಲ್ಲರೂ ಅದಕ್ಕೆ ಕೈಮುಗಿಯುವ ಚಿತ್ರ ಹಾಕುತ್ತಾರೆ. ಗುಂಪಿನಲ್ಲಿ ಇಡೀ ಊರಿದೆ, ಡಾಕ್ಟರನ್ನು ಬಿಟ್ಟು.

ಡಾಕ್ಟರ್ ಮುರಿಗೆಪ್ಪನವರು ಬಂದ ಮೇಲೆ ಶಾಲಿನ ಅಂಗಡಿಯವನಿಗೆ ವ್ಯಾಪಾರ ಬಿದ್ದುಹೋಯಿತು. ದಪ್ಪಗೆ, ಗುಂಡಗೆ ಇದ್ದ ಮನುಷ್ಯ. ಷರ್ಟಿನ ಜೇಬಿನಲ್ಲಿ ಯಾವಾಗಲೂ ಮಕ್ಕಳಿಗೆ ಕೊಡಲು ಹುರಿಗಡಲೆ. ನಾನು ಪ್ರಶ್ನೆ ಕೇಳಿದ ತಕ್ಷಣ ಮಗ್ಗಿ ಒಪ್ಪಿಸುವ ಹುಡುಗನಂತೆ ಕಣ್ಣು ಮುಚ್ಚಿಕೊಂಡು ಸರಾಗವಾಗಿ ಹೇಳಿಬಿಡುತ್ತಿದ್ದರು. ಸೋಮವಾರ ಹಾಲು ಅಮೃತ ಅಂದ ಬಾಯಲ್ಲೇ ಮಂಗಳವಾರ ಹಾಲು ವಿಷ ಅನ್ನುತ್ತಿದ್ದರು, ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಗಂಟೆಯಾದ ಮೇಲೆ ಮಗುವಿನ ಎದೆ, ಬೆನ್ನು, ಕಿವಿ, ಗಂಟಲು ಎಲ್ಲ ನೋಡಿ, ಒಳಗಿನಿಂದ ಒಂದು ಸಣ್ಣ ಸೀಸೆ ತಂದುಕೊಡುತ್ತಿದ್ದರು. "ಅರಿಶಿನದ್ದೇ ಸತ್ವ ತಾಯಿ, ಮೂರು ಹೊತ್ತು, ತಪ್ಪಿಸಬೇಡಿ." ಅರಿಶಿನದ ಸತ್ವ ಒಮ್ಮೊಮ್ಮೆ ಗುಲಾಬಿ ಬಣ್ಣಕ್ಕಿರುತ್ತಿತ್ತು. ಮಕ್ಕಳು ಗುಣವಾಗುತ್ತಿದ್ದರು. ನೋಡಿದಿರಾ ಫೋನಿನ ಶಕ್ತಿ ಅಂತ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ವರ್ಷಗಳು ಹೀಗೆ ಸುಖವಾಗಿ ಕಳೆದವು.

ಹೋದ ವರ್ಷ ಒಂದು ಮಂಗಳವಾರ ನಮ್ಮ ಮಗಳು ಇಬ್ಬನಿ ಬೆಳಿಗ್ಗೆ ಎದ್ದವಳೇ ದೋಸೆ ಬೇಡ ಅಂದಳು. ಅವಳಿಗೆ ಏಳು ವರ್ಷ, ದೋಸೆ ಬೇಡ ಅಂದ ದಿನವೇ ಇಲ್ಲ. ಹೊಕ್ಕುಳ ಸುತ್ತ ನೋವು ಅಂದಳು, ಒಂದು ಸಲ ವಾಂತಿ ಮಾಡಿದಳು. ಮೇಷ್ಟ್ರು ಫೋನು ತೆಗೆದರು. ಬಿಳಿ ಕೋಟು ಹಾಕಿಕೊಂಡ ಒಬ್ಬ, ಹಿಂದೆ ಗೋಡೆ ತುಂಬ ಪುಸ್ತಕ, ಬಹಳ ನಯವಾಗಿ ಹೇಳುತ್ತಿದ್ದ. ಮಕ್ಕಳ ಹೊಟ್ಟೆನೋವಿಗೆ ಹರಳೆಣ್ಣೆ ಒಂದು ಚಮಚ, ಮೇಲೆ ಬಿಸಿನೀರಿನ ಚೀಲ. ಮೇಷ್ಟ್ರ ಮುಖ ಅರಳಿತು. "ಶಿವಲೀಲಾ, ಇವತ್ತು ನಮ್ಮದೇ ಫೋನು, ನಮ್ಮದೇ ಪ್ರಶ್ನೆ!" ಅಂದರು. ವಿಡಿಯೋ ಗುಂಪಿಗೆ ಹಾಕಿ, ದಾರಿಯಲ್ಲಿ ಹರಳೆಣ್ಣೆ ಸೀಸೆ ಕೊಂಡರು. ನಾನೂ ಒಳ್ಳೆಯ ಸೀರೆ ಉಟ್ಟುಕೊಂಡೇ ಹೋದೆ.

ಜಗಲಿಯ ಬೆಂಚಿನ ಮೇಲೆ ಇಬ್ಬನಿಯನ್ನು ಮಲಗಿಸಿದೆವು. ಮಂಡಿ ಮಡಚಿ ಹೊಟ್ಟೆಗೆ ಒತ್ತಿಕೊಂಡು ಒಂದು ಮಗ್ಗುಲಾಗಿ ಮಲಗಿದಳು. ಬೆಂಚಿನ ತುದಿಯಲ್ಲಿ ಯಾರೋ ಕೂತದ್ದಕ್ಕೆ, ಬೆಂಚು ಅಲುಗಿದ್ದಕ್ಕೆ, ಅಯ್ಯೋ ಅಂತ ಕಿರುಚಿದಳು. ನಾನು ಸೆರಗು ಸರಿಮಾಡಿಕೊಂಡು ಕೇಳಿದೆ:

"ಡಾಕ್ಟ್ರೇ, ಮಕ್ಕಳ ಹೊಟ್ಟೆನೋವಿಗೆ ಏನು ಮಾಡಬೇಕು?"

ಮುರಿಗೆಪ್ಪನವರು ಕಣ್ಣು ಮುಚ್ಚಲಿಲ್ಲ. ಬೆಂಚಿನ ಕಡೆಗೇ ನೋಡುತ್ತಿದ್ದರು.

"ವಾಂತಿ ಆಗಿದೆಯಾ? ನೋವು ಇದ್ದಲ್ಲೇ ಇದೆಯಾ, ಬಲಕ್ಕೆ ಸರಿದಿದೆಯಾ?"

"ಡಾಕ್ಟ್ರೇ, ಪ್ರಶ್ನೆ ಕೇಳೋದು ನಾವು," ಅಂದರು ಮೇಷ್ಟ್ರು. ಜಗಲಿಯಲ್ಲಿ ಎಲ್ಲರೂ ನಕ್ಕರು.

ಡಾಕ್ಟರು ತಕ್ಷಣ ಕಣ್ಣು ಮುಚ್ಚಿ, "ಹರಳೆಣ್ಣೆ ಒಂದು ಚಮಚ, ಬಿಸಿನೀರಿನ ಚೀಲ," ಅಂದರು. ಗಂಟೆ ಬಾರಿಸಿತು. ಅದು ನಿಲ್ಲುವ ಮೊದಲೇ ಅವರು ಕೈಯನ್ನೂ ತೊಳೆಯದೆ ಬೆಂಚಿನ ಪಕ್ಕ ಮಂಡಿಯೂರಿದ್ದರು. ಆ ದಪ್ಪ ದೇಹದಲ್ಲಿ ಅಷ್ಟು ಚುರುಕು ಇರುವುದು ನನಗೆ ಗೊತ್ತಿರಲಿಲ್ಲ. ಇಬ್ಬನಿಯ ಹೊಟ್ಟೆಯ ಬಲಗಡೆ ಕೆಳಗೆ ಮೆಲ್ಲಗೆ ಒತ್ತಿದರು. ಅವಳು ಹಲ್ಲು ಕಚ್ಚಿಕೊಂಡಳು. ಒತ್ತಿದ್ದ ಕೈಯನ್ನು ತಟ್ಟನೆ ತೆಗೆದಾಗ ಅವಳು ಕೂಗಿದ ಕೂಗು ನನ್ನ ಗಿರಣಿಯ ಗಂಟಲನ್ನೂ ಮೀರಿಸಿತು.

"ಎಣ್ಣೆ ಕುಡಿಸಿದ್ರಾ?"

"ಇಲ್ಲ ಸಾರ್, ಇನ್ನೇನು..."

"ಕುಡಿಸಬೇಡಿ. ಚೀಲಾನೂ ಬೇಡ. ಬಾಯಿಗೆ ನೀರೂ ಹಾಕಬೇಡಿ. ಇದು ಅಪೆಂಡಿಕ್ಸ್ ಇರಬೇಕು. ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ಆಪರೇಷನ್ ಬೇಕಾಗಬಹುದು."

ಮೇಷ್ಟ್ರು ಎದ್ದು ನಿಂತರು.

"ಗಂಟೆ ಆದ ಮೇಲೆ ಉತ್ತರ ಬದಲಾಯಿಸೋ ಹಾಗಿಲ್ಲ ಡಾಕ್ಟ್ರೇ."

"ಉತ್ತರ ಬದಲಾಯಿಸಿಲ್ಲ ಮೇಷ್ಟ್ರೇ. ಅದು ನಿಮ್ಮ ಪ್ರಶ್ನೆಗೆ ಹೇಳಿದ್ದು. ಇದು ಮಗೂಗೆ ಹೇಳ್ತಿರೋದು."

ಗಂಟೆಯ ಹಗ್ಗ ಇನ್ನೂ ಕೈಯಲ್ಲೇ ಇದ್ದ ನಾಗವೇಣಕ್ಕ ಮುಂದೆ ಬಂದಳು. "ಹಂಗಾದ್ರೆ ಇಷ್ಟು ವರ್ಷ ಹೇಳಿದ್ದೆಲ್ಲ?"

"ಅವೂ ಪ್ರಶ್ನೆಗೆ ಹೇಳಿದ್ದೇ ತಾಯಿ."

"ನನ್ನ ಮಗನಿಗೆ ಕೊಟ್ಟ ಅರಿಶಿನದ ಸತ್ವ?"

"ಅದು ಕೆಮ್ಮಿನ ಔಷಧಿ."

ನಾಗವೇಣಕ್ಕ ಎದೆಗೆ ಕೈಯಿಟ್ಟುಕೊಂಡು ಕುಸಿದು ಕೂತಳು. "ಅಯ್ಯೋ ದೇವರೇ, ನನ್ನ ಮಗನಿಗೆ ಔಷಧಿ ಕುಡಿಸಿಬಿಟ್ರಲ್ರೋ!" ಅಂತ ಅತ್ತಳು. ಅವಳ ಮಗ ಪಕ್ಕದಲ್ಲೇ ಗುಂಡುಕಲ್ಲಿನ ಹಾಗೆ ನಿಂತು ಹುರಿಗಡಲೆ ತಿನ್ನುತ್ತಿದ್ದ. ಒಬ್ಬೊಬ್ಬರಾಗಿ ಎಲ್ಲರಿಗೂ ಮನೆಯಲ್ಲಿದ್ದ ಗುಲಾಬಿ ಸೀಸೆ ನೆನಪಾಯಿತು. ಮೋಸ, ಮೋಸ ಅಂದರು. ಮಕ್ಕಳು ಗುಣವಾಗಿದ್ದಕ್ಕೆ ಯಾರದೂ ಆಕ್ಷೇಪವಿರಲಿಲ್ಲ. ಗುಣವಾದ ರೀತಿ ಸರಿಯಿಲ್ಲ ಅನ್ನುವುದೇ ಅವರ ಸಂಕಟ.

ಯಾರೋ ಓಡಿಹೋಗಿ ಶಾಲು ತಂದರು. ಪೋಸ್ಟ್ ಮಾಸ್ಟರು ಸನ್ಮಾನದ ಮಾತು ಶುರು ಮಾಡಿದರು. ಡಾಕ್ಟರು ಇಬ್ಬನಿಯ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದ ಹಾಗೆಯೇ ಅವರ ಹೆಗಲಿಗೆ ಶಾಲು ಬಿತ್ತು, ತಲೆಗೆ ಪೇಟ ಬಂತು. "ಸನ್ಮಾನ್ಯ ಮುರಿಗೆಪ್ಪನವರು ನಮ್ಮೂರಿಗೆ ಸಲ್ಲಿಸಿದ ನಿಸ್ವಾರ್ಥ ಸೇವೆ..." ಅಂತ ಭಾಷಣ ಸಾಗಿತ್ತು. ಇನ್ನೊಂದು ಕಡೆ ಮೇಷ್ಟ್ರು ಹರಳೆಣ್ಣೆ ಸೀಸೆಯ ಮುಚ್ಚಳ ತೆಗೆದು ಚಮಚಕ್ಕೆ ಬಗ್ಗಿಸುತ್ತಿದ್ದರು. ಚಮಚಕ್ಕಿಂತ ಇಬ್ಬನಿಯ ಮುಖವನ್ನೇ ಹೆಚ್ಚು ನೋಡುತ್ತಿದ್ದರು. ಅವರೂ ಅಪ್ಪನೇ ತಾನೆ? ಆದರೆ ಬಿಳಿ ಕೋಟಿನವನು ಅಷ್ಟು ನಯವಾಗಿ, ಅಷ್ಟು ಖಚಿತವಾಗಿ ಹೇಳಿದ್ದ. ಇಬ್ಬನಿ ನನ್ನ ಸೆರಗು ಹಿಡಿದುಕೊಂಡು, "ಅಮ್ಮಾ, ಏನಾದ್ರೂ ಮಾಡಮ್ಮಾ," ಅಂದಳು. ಏನು ಮಾಡಲಿ? ಎಣ್ಣೆಯೋ ಆಪರೇಷನ್ನೋ, ಯಾವುದು ತಪ್ಪಾದರೂ ಹೋಗುವುದು ನನ್ನ ಮಗು.

ನಾನು ಡಾಕ್ಟರ ಹತ್ತಿರ ಬಗ್ಗಿದೆ. "ಸಾರ್, ನಿಮಗೆ ಖಾತ್ರೀನಾ?"

ಪೇಟದ ಕೆಳಗಿಂದ ಅವರು ನನ್ನನ್ನು ನೋಡಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಇಲ್ಲ ತಾಯಿ. ಪೂರ್ತಿ ಖಾತ್ರಿ ಇಲ್ಲ. ಸ್ಕ್ಯಾನಿಂಗ್ ಮಾಡಬೇಕು, ಒಳಗೆ ನೋಡಿದವರು ಹೇಳಬೇಕು. ನಾನು ತಪ್ಪಿರಬಹುದು. ಆದರೆ ಇಲ್ಲಿ ಸುಮ್ಮನೆ ಕೂರೋಕೆ ನನಗೆ ಭಯ ಆಗ್ತಿದೆ."

ಎಷ್ಟು ವರ್ಷದಿಂದ ನಾನು ಫೋನು ನೋಡುತ್ತಿದ್ದೇನೆ. ಅದು ಹೆದರಿಸಿದ್ದುಂಟು, ಅದು ಹೆದರಿದ್ದನ್ನು ನಾನು ಕಂಡಿಲ್ಲ. ಈ ಮನುಷ್ಯ ಹೆದರಿದ್ದ. ಶಾಲು ಬಿದ್ದದ್ದಕ್ಕಲ್ಲ, ಊರು ಬಿಡಬೇಕಾದ್ದಕ್ಕಲ್ಲ. ನನ್ನ ಮಗಳಿಗಾಗಿ ಹೆದರಿದ್ದ. ನನ್ನ ಹೊಟ್ಟೆಯೊಳಗೆ ಇದ್ದ ಹೆದರಿಕೆಯೇ ಅವರ ಮುಖದಲ್ಲೂ ಇತ್ತು. ಅದನ್ನು ನೋಡಿ ನನಗೆ ಅಳು ಬಂತು, ಧೈರ್ಯವೂ ಬಂತು.

"ಗಿರಣಿ ಟೆಂಪೋ ತಗೊಂಡು ಬರ್ರೋ!" ಅಂತ ಕೂಗಿದೆ. ಭಾಷಣ ನಿಂತಿತು. ಟೆಂಪೋದವನು ಆಚೆ ಬೀದಿಯಲ್ಲಿ ಟೀ ಕುಡಿಯುತ್ತಿದ್ದವನು ಲೋಟ ಇಟ್ಟು ಓಡಿ ಬಂದ.

"ಶಿವಲೀಲಾ, ಗಂಟೆ ಆಗಿದೆ ಕಣೇ, ನಿಯಮ..." ಅಂದರು ಮೇಷ್ಟ್ರು.

"ಗಂಟೆ ನೀವೇ ಹೊಡ್ಕೊಳ್ರಿ," ಅಂತ ಅವರ ಕೈಯಿಂದ ಚಮಚ ಕಿತ್ತು ಬಿಸಾಡಿದೆ. ಎಣ್ಣೆ ನನ್ನ ಒಳ್ಳೆಯ ಸೀರೆಗೇ ಚೆಲ್ಲಿತು.

ಡಾಕ್ಟರೂ ಟೆಂಪೋ ಹತ್ತಿದರು. ಯಾರೂ ಬೇಡ ಅನ್ನಲಿಲ್ಲ. ಹೇಗಿದ್ದರೂ ಅವರನ್ನು ಊರಿನಿಂದ ಕಳಿಸಬೇಕಿತ್ತಲ್ಲ, ಬಸ್ಸಾದರೇನು ಟೆಂಪೋ ಆದರೇನು? ಹಣ್ಣಿನ ಬುಟ್ಟಿಯನ್ನೂ ಮರೆಯದೆ ಕೈಗೆ ಕೊಟ್ಟರು. ಪೋಸ್ಟ್ ಮಾಸ್ಟರು ಗಾಡಿಯ ಪಕ್ಕದಲ್ಲಿ ಓಡುತ್ತಲೇ ವಂದನಾರ್ಪಣೆ ಮುಗಿಸಿದರು. ಕೊನೆಗಳಿಗೆಯಲ್ಲಿ ಮೇಷ್ಟ್ರು ಚಪ್ಪಲಿ ಬಿಟ್ಟು ಹಿಂದಿನಿಂದ ಹಾರಿ ಹತ್ತಿದರು.

ಹಿಟ್ಟಿನ ಚೀಲಗಳ ಮೇಲೆ ಇಬ್ಬನಿಯನ್ನು ಮಲಗಿಸಿ ಡಾಕ್ಟರು ತಮ್ಮ ಶಾಲು ತೆಗೆದು ಅವಳಿಗೆ ಹೊದಿಸಿದರು. ರಸ್ತೆಯ ಒಂದೊಂದು ಗುಂಡಿಗೂ ಅವಳು ನರಳುತ್ತಿದ್ದಳು. ಮೇಷ್ಟ್ರಿಗೆ ಬೇರೆ ಏನೂ ತೋಚದೆ ಅದೇ ವಿಡಿಯೋವನ್ನು ಮತ್ತೆ ಹಾಕಿದರು. ನಾವು ಯಾವತ್ತೂ ಒಂದು ವಿಡಿಯೋವನ್ನು ಕೊನೆಯವರೆಗೆ ನೋಡಿದವರಲ್ಲ. ಮನೆಮದ್ದು ಸಿಕ್ಕ ತಕ್ಷಣ ಮುಂದಿನದಕ್ಕೆ ಹೋಗುವವರು. ಈಗ ಅದು ತಾನೇ ಓಡುತ್ತ ಹೋಯಿತು. ಬಿಳಿ ಕೋಟಿನವನು ಕೊನೆಯಲ್ಲಿ ಅದೇ ನಯವಾದ ದನಿಯಲ್ಲಿ, ನೋವು ಬಲಗಡೆಗೆ ಸರಿದರೆ, ವಾಂತಿಯಿದ್ದರೆ, ಮನೆಮದ್ದು ಮಾಡದೆ ತಕ್ಷಣ ವೈದ್ಯರಿಗೆ ತೋರಿಸಿ ಅಂದ. ಮೇಷ್ಟ್ರು ಫೋನನ್ನು ಬೋರಲು ಹಾಕಿದರು.

"ಆ ಭಾಗ ನಾನು ನೋಡಿದ್ದೆ ಮೇಷ್ಟ್ರೇ," ಅಂದರು ಮುರಿಗೆಪ್ಪನವರು. "ಬೆಳಿಗ್ಗೆ ನೀವು ಗುಂಪಿಗೆ ಹಾಕಿದ್ರಲ್ಲ."

"ಗುಂಪಿನಲ್ಲಿ ನೀವಿಲ್ಲವಲ್ಲ?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಚಿಂಟು ಮಮ್ಮಿ ಇದ್ದಾಳಲ್ಲ. ಆ ನಂಬರು ನನ್ನದೇ."

ಚಿಂಟು ಮಮ್ಮಿ ನಮ್ಮ ಗುಂಪಿನ ಕಣ್ಮಣಿ. ಯಾರ ಮಗುವಿಗೆ ಜ್ವರ ಬಂದರೂ ಮೊದಲು ವಿಚಾರಿಸುವವಳು ಅವಳು. ಎಷ್ಟು ದಿನದಿಂದ, ನೀರು ಕುಡಿಯುತ್ತಿದೆಯಾ, ಮೂತ್ರ ಸರಿ ಹೋಗುತ್ತಿದೆಯಾ ಅಂತ ಒಡಹುಟ್ಟಿದವಳ ಹಾಗೆ ಕೇಳುತ್ತಿದ್ದಳು. ಅವಳ ಮನೆ ಯಾವ ಬೀದಿ ಅಂತ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರನ್ನು ನಂಬದ ಊರು ಅವಳನ್ನು ಕಣ್ಣು ಮುಚ್ಚಿ ನಂಬಿತ್ತು. ನಮ್ಮ ಮೇಷ್ಟ್ರಂತೂ ಪ್ರತಿ ಬೆಳಿಗ್ಗೆ ಅವಳಿಗೆ ಪ್ರತ್ಯೇಕವಾಗಿ ಗುಲಾಬಿ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳುತ್ತಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಅವರ ಮುಖ ಕೆಂಪಾದದ್ದನ್ನು ನೋಡಿ. ಬೇರೆ ದಿನವಾಗಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿ ನೇರವಾಗಿ ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ನಾವು ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಮುರಿಗೆಪ್ಪನವರ ತಲೆಯ ಮೇಲೆ ಪೇಟ ಹಾಗೇ ಇತ್ತು, ಅವರಿಗೂ ನೆನಪಿರಲಿಲ್ಲ, ನಮಗೂ ಹೇಳಬೇಕೆನಿಸಲಿಲ್ಲ. ಆಪರೇಷನ್ ಮಾಡಿದ ಡಾಕ್ಟರಮ್ಮ ಹೊರಗೆ ಬಂದು, "ಒಡೆಯೋದರಲ್ಲಿತ್ತು. ಸರಿಯಾದ ಹೊತ್ತಿಗೆ ತಂದಿದೀರಿ. ಭೇದಿಗೆ ಏನೂ ಕೊಟ್ಟಿಲ್ಲ ತಾನೆ?" ಅಂದರು. ಇಲ್ಲ ಅಂದೆ. "ಪುಣ್ಯ," ಅಂದು ಹೋದರು. ಮೇಷ್ಟ್ರು ಜೇಬಿನಿಂದ ಹರಳೆಣ್ಣೆ ಸೀಸೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಏನು ಮಾಡಬೇಕು ತಿಳಿಯದೆ, ಗೋಡೆಗೆ ಮುಖ ಹಾಕಿ ಅತ್ತರು. ನಾನು ಅತ್ತದ್ದಕ್ಕೆ ನರ್ಸು ಬಂದು ಪೇಷಂಟುಗಳಿಗೆ ತೊಂದರೆಯಾಗುತ್ತೆ ಅಂದಳು.

ಹುಡುಗಿಯನ್ನು ಕರೆದುಕೊಂಡು ಊರಿಗೆ ಬಂದಾಗ ಎಲ್ಲರೂ ಮನೆಗೆ ಬಂದರು, ದೃಷ್ಟಿ ತೆಗೆದರು. ಈಗಲಾದರೂ ಬುದ್ಧಿ ಬಂದಿರುತ್ತದೆ ಅಂದುಕೊಂಡಿದ್ದೆ. ಮುಂದಿನ ಸೋಮವಾರ ನಾಗವೇಣಕ್ಕ ತಾನೇ ಒಂದು ವಿಡಿಯೋ ಮಾಡಿ ಗುಂಪಿಗೆ ಹಾಕಿದಳು. ಹೊಟ್ಟೆನೋವಿಗೆ ಶಾಲು. ಸನ್ಮಾನದ ಶಾಲನ್ನು ಮಗುವಿನ ಹೊಟ್ಟೆಗೆ ಸುತ್ತಿದರೆ ಎಂಥ ನೋವೂ ಮಾಯ, ನಮ್ಮೂರಲ್ಲೇ ಕಣ್ಣಾರೆ ಕಂಡದ್ದು. ಊರೂರು ದಾಟಿ ಹೋಯಿತು ಆ ವಿಡಿಯೋ. ನಾನು ಗಿರಣಿ ನಿಲ್ಲಿಸಿ ಕೂಗಿ ಹೇಳಿದೆ, ಆಪರೇಷನ್ ಆಯಿತು ಕಣ್ರೇ, ಹೊಲಿಗೆ ನೋಡಿ ಅಂತ.

"ಹೌದು ಪಾಪ," ಅಂದಳು ನಾಗವೇಣಕ್ಕ, ಇಬ್ಬನಿಯ ಹೊಟ್ಟೆ ಸವರಿ. "ಶಾಲಿಗೇ ವಾಸಿಯಾಗಿತ್ತು, ಸುಮ್ಮನೆ ಕೊಯ್ದುಬಿಟ್ರು ಮಗೂನ."

ಹೊಸ ಡಾಕ್ಟರು ಬಂದರು. ಅಭಿಜಿತ್ ಅಂತ, ಮೀಸೆ ಈಗಷ್ಟೇ ದಟ್ಟವಾಗಿದೆ, ಹೆಂಡತಿ ಮತ್ತು ಒಂದು ಕೈಗೂಸು. ನಾನು ಪ್ರಶ್ನೆ ಬಿಡೋಣ ಅಂದುಕೊಂಡೆ. ಆದರೆ ಊರು ಪೂರ್ತಿ ಹಿಟ್ಟು ಬೀಸಿಸುವುದು ನನ್ನ ಗಿರಣಿಯಲ್ಲಿ, ಮುಖ ಕೆಡಿಸಿಕೊಂಡು ಬದುಕುವುದು ಹೇಗೆ? ಹೋಗಿ ಕೇಳಿದೆ, ಹೊಟ್ಟೆನೋವಿಗೆ ಏನು ಅಂತ. ಹುಡುಗ ಒಂದು ಸಲ ಉಗುಳು ನುಂಗಿ, "ಶಾಲು," ಅಂದ. ಗಂಟೆ ಬಾರಿಸಿತು, ಚಪ್ಪಾಳೆಯೂ ಬಿತ್ತು. ಅವತ್ತಿನಿಂದ ಇವತ್ತಿನವರೆಗೆ ಅವರು ಒಂದು ಉತ್ತರವನ್ನೂ ತಪ್ಪಿಲ್ಲ. ಆದರೆ ಗಂಟೆಯಾದ ಮೇಲೆ ಯಾರೂ ಮಗುವನ್ನು ಮುಂದೆ ತರುವುದಿಲ್ಲ. ಗುಲಾಬಿ ಸೀಸೆ ಕೊಡುವ ಕಳ್ಳತನ ಈ ಹುಡುಗನಿಗೆ ಬಾರದು, ಫೋನು ಹೇಳಿದ್ದಷ್ಟನ್ನೇ ಹೇಳಿ ಕೈಮುಗಿಯುತ್ತಾರೆ. ಜಗಲಿಯಲ್ಲಿ ದೊಡ್ಡವರು ಮಾತ್ರ ಬಂದು ಕೂತು, ಉತ್ತರ ಕೇಳಿ, ತಲೆದೂಗಿ ಎದ್ದು ಹೋಗುತ್ತಾರೆ. ಹೊಸ ಡಾಕ್ಟರು ಬಂದ ಮೇಲೆ ನಮ್ಮೂರಲ್ಲಿ ಮಕ್ಕಳಿಗೆ ಕಾಯಿಲೆಯೇ ಇಲ್ಲ ಅಂತ ಪೋಸ್ಟ್ ಮಾಸ್ಟರು ಎಲ್ಲರೆದುರು ಹೇಳಿಕೊಳ್ಳುತ್ತಾರೆ.

ನಿಜ ಏನೆಂದರೆ, ಒಂದು ದಿನ ಗುಂಪಿನಲ್ಲಿ ಚಿಂಟು ಮಮ್ಮಿ ಬರೆದಳು. ನನ್ನ ಮಗುವನ್ನು ಪಕ್ಕದ ಊರಿನ ಸಂತೆ ಬೀದಿಯ ಡಾಕ್ಟರಿಗೆ ತೋರಿಸಿದೆ, ಭಾನುವಾರವೂ ಇರುತ್ತಾರೆ, ಕೈಗುಣ ಚೆನ್ನಾಗಿದೆ, ಅಷ್ಟೇ. ಮೇಷ್ಟ್ರೂ ನಾನೂ ಮುಖ ಮುಖ ನೋಡಿಕೊಂಡೆವು, ಬಾಯಿ ಬಿಡಲಿಲ್ಲ. ಮುಂದಿನ ಭಾನುವಾರ ಇಬ್ಬನಿಗೆ ಕೆಮ್ಮು. ತವರಿನಲ್ಲಿ ಮದುವೆ ಅಂತ ಹೇಳಿ ಬೆಳಗಿನ ಬಸ್ಸು ಹತ್ತಿದೆ. ಬಸ್ಸು ತುಂಬ ನಮ್ಮೂರವರೇ. ಎಲ್ಲರ ತೋಳಲ್ಲೂ ಕಿವಿಗೆ ಮಫ್ಲರ್ ಸುತ್ತಿದ ಮಕ್ಕಳು. ನಾಗವೇಣಕ್ಕ ಕಿಟಕಿ ಪಕ್ಕ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. "ಎಲ್ಲಿಗಕ್ಕ?" ಅಂದೆ. "ಮದುವೆಗೆ," ಅಂದಳು. ಪೋಸ್ಟ್ ಮಾಸ್ಟರು ಮೊಮ್ಮಗಳನ್ನು ಎತ್ತಿಕೊಂಡು ಅವರೂ ಮದುವೆಗೆ ಹೊರಟಿದ್ದರು. ಶಾಲು ಹೊದಿಸಿ ಕಳಿಸಿದವರ ಬಾಗಿಲಿಗೆ ಹೋಗುವುದು ಊರಿಗೇ ಅವಮಾನ ಅಂತ ಹಿಂದೆಯೇ ತೀರ್ಮಾನವಾಗಿತ್ತು, ಆ ಡಾಕ್ಟರು ಯಾರು ಅಂತ ಎಲ್ಲರೂ ಊಹಿಸಿದ್ದರೂ ಯಾರೂ ಹೇಳುವ ಹಾಗಿರಲಿಲ್ಲ. ಪಕ್ಕದ ಊರಲ್ಲಿ ಇಳಿದ ಮೇಲೆ ಒಬ್ಬೊಬ್ಬರೂ ಒಂದೊಂದು ಗಲ್ಲಿ ಹಿಡಿದೆವು. ಸುತ್ತಿ ಬಳಸಿ ಬಂದು ಮತ್ತೆ ಸಂತೆ ಬೀದಿಯ ಒಂದೇ ಬೆಂಚಿನಲ್ಲಿ ಕೂತೆವು. ಬಾಗಿಲು ತೆಗೆದ ಮುರಿಗೆಪ್ಪನವರು ನಮ್ಮನ್ನೆಲ್ಲ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಇಲ್ಲಿಗೂ ಬಂದ್ರಾ?" ಅಂದರು. ಯಾರೂ ಪ್ರಶ್ನೆ ಕೇಳಲಿಲ್ಲ. ಮಕ್ಕಳನ್ನು ಮುಂದಕ್ಕೆ ತಳ್ಳಿದೆವು.

ಈಗ ಪ್ರತಿ ಭಾನುವಾರವೂ ನಮ್ಮೂರವರಿಗೆ ಮದುವೆ. ಮೊನ್ನೆಯೂ ಬಸ್ಸು ತುಂಬಿತ್ತು. ಡ್ರೈವರು ಇನ್ನೇನು ಹೊರಡಬೇಕು, ಆಗ ಯಾರೋ ಚಪ್ಪಲಿ ತಪ್ಪಿಸಿಕೊಂಡು ಓಡಿ ಬಂದು ಮೆಟ್ಟಿಲು ಹತ್ತಿದರು. ನೋಡಿದರೆ ಡಾಕ್ಟರ್ ಅಭಿಜಿತ್. ಎದೆಗೆ ಅವುಚಿಕೊಂಡ ಟವೆಲಿನೊಳಗೆ ಅವರ ಕೂಸು. ಹಿಂದೆ ಅವರ ಹೆಂಡತಿ, ಕಣ್ಣು ಅತ್ತು ಊದಿದೆ. ಪಾಪ, ಗಂಟೆಯಾಗದೆ ಅವರು ತಮ್ಮ ಕೂಸನ್ನೂ ಮುಟ್ಟುವ ಹಾಗಿಲ್ಲ. ಗಂಟೆಯಾಗಬೇಕಾದರೆ ಜ್ವರಕ್ಕೆ ಈರುಳ್ಳಿ ತುಂಬಿದ ಕಾಲುಚೀಲ ಅನ್ನಬೇಕು. ಹಾಗೆ ಅಂದ ಮೇಲೆ ಅದನ್ನೇ ತೊಡಿಸಬೇಕು. ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಹೊರಗೆ ನೋಡತೊಡಗಿದರು. ಡಾಕ್ಟರು ಕಂಬಿ ಹಿಡಿದು ನಿಂತು ಯಾರ ಕಡೆಗೂ ನೋಡಲಿಲ್ಲ.

ನಾನು ಇಬ್ಬನಿಯನ್ನು ಸರಿಸಿ ಜಾಗ ಮಾಡಿದೆ. "ಬನ್ನಿ ಸಾರ್, ಕೂತ್ಕೊಳ್ಳಿ. ಮದುವೆಗಾ?"

ಅವರು ನನ್ನ ಮುಖ ನೋಡಿದರು. "ಹೂಂ ಅಕ್ಕ," ಅಂದರು. "ಮದುವೆಗೇ."

ಕೂಸನ್ನು ನನ್ನ ಮಡಿಲಿಗೆ ತೆಗೆದುಕೊಂಡೆ. ಮೈ ಕಾದ ಹಂಚಾಗಿತ್ತು, ಉಸಿರು ಗೊರಗೊರ ಅನ್ನುತ್ತಿತ್ತು. ನಾನು ನಾಗವೇಣಕ್ಕನ ಕಡೆ ನೋಡಿದೆ, ಅವಳೂ ಕೈಚಾಚಿ ಕೂಸಿನ ಹಣೆ ಮುಟ್ಟಿ ನನ್ನ ಕಡೆ ನೋಡಿದಳು. ನಾನು ಗಿರಣಿಯ ಗಂಟಲು ತೆಗೆದು ಕೂಗಿದೆ:

"ಡ್ರೈವರಣ್ಣಾ, ಬಿಡಪ್ಪಾ ಬೇಗ! ಮುಹೂರ್ತ ಮೀರಿ ಹೋಗ್ತದೆ!"